ಕುದುರೆ ರೂಪಾಯಿಯ ತೆರ

"ಅಜ್ಜಯ್ಯಾ, ಒಂದು ವಸ್ತುವಿನ ಬೆಲೆ ಇವತ್ತು ಏರುತ್ತದೆ, ನಾಳೆ ಇಳಿಯುತ್ತದೆ. ಅದನ್ನು ಯಾವಾಗ ಮಾರಬೇಕು, ಯಾವಾಗ ಕೊಳ್ಳಬೇಕು?" ಎಂದು ಶಿಷ್ಯ ಪಂಚಾಕ್ಷರಿ ಕೇಳಿದ.

ಮಠದಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆತ್ಮ ಎಲ್ಲಿದೆ, ಮಾಯೆ ಯಾವುದು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಸಿಕ್ಕರೂ ಸಿಗದಿದ್ದರೂ ಊಟದ ಗಂಟೆ ಹೊತ್ತಿಗೆ ಸರಿಯಾಗಿ ಹೊಡೆಯುತ್ತದೆ. ಪಂಚಾಕ್ಷರಿಯ ಪ್ರಶ್ನೆ ಅಂಥದ್ದಲ್ಲ. ಗಂಡನನ್ನು ಕಳೆದುಕೊಂಡ ಅವನ ಸೋದರತ್ತೆ ಹಳೆಯ ನಾಣ್ಯಗಳ ಒಂದು ಗಂಟನ್ನು "ಮಾರಿ ದುಡ್ಡು ತಂದುಕೊಡಪ್ಪ" ಎಂದು ಅವನ ಕೈಗೆ ಕೊಟ್ಟಿದ್ದಳು. ಕೊಟ್ಟು ಬಹಳ ದಿನವಾಗಿತ್ತು. ಪಂಚಾಕ್ಷರಿ ಪೇಟೆಗೆ ಹೋಗುತ್ತಿದ್ದ, ಬೆಲೆ ಕೇಳುತ್ತಿದ್ದ, ಗಂಟು ಹೊತ್ತುಕೊಂಡು ಹಾಗೇ ಹಿಂದಿರುಗುತ್ತಿದ್ದ.

ಗುರು ಎದುರಿನ ಚಾಪೆ ತೋರಿಸಿದರು.

"ಕೂತುಕೋ. ಒಬ್ಬ ಸುಣ್ಣಗಾರನ ಕತೆ ಹೇಳುತ್ತೇನೆ" ಎಂದರು.

ಒಂದು ಗುಡ್ಡದ ಬುಡದಲ್ಲಿ ಸುಣ್ಣಗಾರರ ಹಟ್ಟಿ ಇತ್ತು. ಗುಡ್ಡದಿಂದ ಕಲ್ಲು ಇಳಿಸುವುದು, ಗೂಡಿನಲ್ಲಿ ಸುಡುವುದು, ಸುಟ್ಟ ಕಲ್ಲಿಗೆ ನೀರು ಹೊಯ್ದು ಅರಳಿಸುವುದು, ಅರಳಿದ ಸುಣ್ಣವನ್ನು ಗಾಡಿಗೆ ತುಂಬಿ ಪೇಟೆಗೆ ಹೊಡೆಯುವುದು, ಇಷ್ಟೇ ಅವರ ಬದುಕು. ಊರವರ ಗೋಡೆಯೆಲ್ಲ ಬಿಳಿ, ಸುಣ್ಣಗಾರರ ಕೈಯೆಲ್ಲ ಹುಣ್ಣು.

ಆ ಹಟ್ಟಿಗೆ ಒಂದು ಕಟ್ಟು ಇತ್ತು. ಗಂಡಿನ ಮನೆಯವರು ಹೆಣ್ಣಿನ ಮನೆಗೆ ತೆರ ಕೊಟ್ಟು ಹೆಣ್ಣನ್ನು ಕರೆತರಬೇಕು. ತೆರ ಎಂದರೆ ಒಂದು ಕುದುರೆ ರೂಪಾಯಿ. ಒಂದಕ್ಕೆ ಹೆಚ್ಚಿಲ್ಲ, ಒಂದಕ್ಕೆ ಕಡಿಮೆ ಇಲ್ಲ. ಯಾವನೋ ಪಾಳೇಗಾರ ಒಂದು ಕಾಲದಲ್ಲಿ ಹಾಕಿಸಿದ ಬೆಳ್ಳಿ ನಾಣ್ಯ ಅದು. ಒಂದು ಮಗ್ಗುಲಲ್ಲಿ ಕುದುರೆ, ಇನ್ನೊಂದು ಮಗ್ಗುಲಲ್ಲಿ ಯಾರಿಗೂ ಓದಲು ಬಾರದ ಅಕ್ಷರ. ಪಾಳೇಗಾರ ಹೋದ, ಅವನ ಕೋಟೆಯೂ ಹೋಯಿತು, ಈ ಕುದುರೆಗಳು ಮಾತ್ರ ಹಟ್ಟಿಯಲ್ಲಿ ಉಳಿದುಕೊಂಡವು. ಚಲಾವಣೆ ತಪ್ಪಿದ್ದರಿಂದ ಅಂಗಡಿಗೆ ಒಯ್ದರೆ ಒಂದು ಹಿಡಿ ಕಡ್ಲೆಪುರಿಯನ್ನೂ ಕೊಡುತ್ತಿರಲಿಲ್ಲ. ಹಿಂದಿನವರು ಬೇಕೆಂದೇ ಅದನ್ನು ಆರಿಸಿದ್ದರು. ಬಡವನೂ ಒಂದು ಕೊಡಬೇಕು, ಜೋಡಿ ಎತ್ತು ಕಟ್ಟಿದವನೂ ಒಂದೇ ಕೊಡಬೇಕು. ಮಗಳ ಮದುವೆಯಲ್ಲಿ ಮನೆಯೊಳಗೆ ಬಂದ ರೂಪಾಯಿ ಮಗನ ಮದುವೆಯಲ್ಲಿ ಮನೆಯಿಂದ ಹೊರಗೆ ಹೋಗುತ್ತಿತ್ತು. ಹೆಣ್ಣು ಹುಟ್ಟದ ಮನೆಗೆ ಹೆಣ್ಣು ಹೆಚ್ಚಾದ ಮನೆಯವರು ಕೈಗಡ ಕೊಡುತ್ತಿದ್ದರು. ಹೀಗೆ ಕುದುರೆಗಳು ಮನೆಯಿಂದ ಮನೆಗೆ ಸುತ್ತುತ್ತಿದ್ದವು, ಅವುಗಳ ಹಿಂದೆ ಓಲಗ ಸುತ್ತುತ್ತಿತ್ತು.

ಅಲ್ಲಿ ಓಬಳ ಎಂಬ ಸುಣ್ಣಗಾರನಿದ್ದ. ಅವನ ಅಕ್ಕನ ಮದುವೆಯಲ್ಲಿ ಬಂದ ರೂಪಾಯಿಯನ್ನು ತಾಯಿ ಅವನ ಅಂಗೈಯಲ್ಲಿಟ್ಟು, "ಇದು ಬೆಳ್ಳಿ ಅಲ್ಲ ಕಣೋ, ನಿಮ್ಮಕ್ಕ. ಇದನ್ನ ಕೊಟ್ಟು ಕೆಂಚಿನ ಕರ್ಕೊಂಡು ಬಾ" ಎಂದಿದ್ದಳು. ಅಷ್ಟು ಹೇಳಿ, ಸೊಸೆ ಮನೆಗೆ ಬರುವ ಮೊದಲೇ ಆಕೆ ತೀರಿಕೊಂಡಳು.

ಕೆಂಚಿ ಓಬಳನ ಸೋದರಮಾವನ ಮಗಳು. ಗೂಡಿನ ಆಚೆ ಬದಿಗೆ ಅವರ ಮನೆ. ಅವಳ ಬಾಯಿ ಸುಣ್ಣಕ್ಕಿಂತ ಚುರುಕು. ಇಬ್ಬರಿಗೂ ಚಿಕ್ಕಂದಿನಿಂದ ಗೊತ್ತಿದ್ದ ಮಾತು: ಅವಳು ಇವನಿಗೆ, ಇವನು ಅವಳಿಗೆ. ಸುಗ್ಗಿ ಮುಗಿದ ಮೇಲೆ ಮದುವೆ ಎಂದು ಮಾವ ಹೇಳಿಯೂ ಆಗಿತ್ತು.

ಪೇಟೆಯಲ್ಲಿ ಒಬ್ಬ ಚಿನಿವಾರನಿದ್ದ. ಹಳೆಯ ಚಿನ್ನ, ಹಳೆಯ ಬೆಳ್ಳಿ, ಹಳೆಯ ನಾಣ್ಯ ಕೊಳ್ಳುವುದು, ಮಾರುವುದು ಅವನ ಕಸುಬು. ಒಂದು ಸಂತೆಯ ದಿನ ಅವನು ಅಂಗಡಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಾ, ದಾರಿಯಲ್ಲಿ ಹೋಗುತ್ತಿದ್ದ ಓಬಳನನ್ನು ಕರೆದು ಒಂದು ಚಿಟಿಕೆ ಸುಣ್ಣ ಕೇಳಿದ. ಓಬಳ ಸೊಂಟದ ಚೀಲ ಬಿಚ್ಚಿದ. ಸುಣ್ಣದ ಡಬ್ಬಿಯ ಜೊತೆಗೆ ಕುದುರೆಯೂ ಹೊರಗೆ ಬಂತು. ಚಿನಿವಾರ ಎಲೆಯನ್ನು ಕೆಳಗಿಟ್ಟ. ನಾಣ್ಯವನ್ನು ಕಣ್ಣಿನ ಹತ್ತಿರ ಹಿಡಿದ, ತಿರುಗಿಸಿದ, ಉಗುರಿನಿಂದ ಚಿಮ್ಮಿಸಿ ಸದ್ದು ಕೇಳಿದ.

"ಮಾರ್ತೀಯೇನಪ್ಪಾ?"

"ಇದು ಮಾರೋದಲ್ಲ ಸ್ವಾಮಿ. ಹೆಂಡ್ತಿ ತರೋದು."

"ಮೂರು ಗಾಡಿ ಸುಣ್ಣದ ದುಡ್ಡು ಕೊಡ್ತೀನಿ. ಒಬ್ಬಳ ಜೊತೆಗೆ ಇನ್ನೊಬ್ಬಳನ್ನೂ ತಂದ್ಕೋ."

"ಈ ತೂಕದ ಬೆಳ್ಳಿಗೆ ಮೂರು ಗಾಡೀನಾ? ಯಾರು ಸ್ವಾಮಿ ತಗೊಳ್ಳೋ ಹುಚ್ಚರು?"

"ಪಟ್ಟಣದ ಸಾಹುಕಾರರು. ಇಂಥವನ್ನ ಗಾಜಿನ ಪೆಟ್ಟಿಗೇಲಿ ಇಟ್ಟು ನೋಡ್ತಾರೆ."

"ನೋಡಿ?"

"ಪಕ್ಕದ ಮನೆಯೋನ ಹತ್ರ ಇದು ಇಲ್ಲವಲ್ಲಾ ಅಂತ ಸಂತೋಷ ಪಡ್ತಾರೆ."

ಓಬಳ ನಕ್ಕು ಗಾಡಿ ಹೊಡೆದ. ಆದರೆ ಮೂರು ಎಂಬ ಮಾತು ಗಾಡಿ ಹತ್ತಿ ಅವನ ಜೊತೆಗೇ ಬಂತು. ಮುಂದಿನ ಸಂತೆಗೆ ಕೇಳಿದ. ನಾಲ್ಕು ಎಂದ ಚಿನಿವಾರ. ಅದರ ಮುಂದಿನ ಸಂತೆಗೆ ಐದು ಎಂದ.

ಓಬಳನಿಗೆ ಲೆಕ್ಕ ಬರುತ್ತಿರಲಿಲ್ಲ ಎನ್ನುವಂತಿಲ್ಲ. ಬರುತ್ತಿತ್ತು. ಕೆಟ್ಟದ್ದೇ ಅಲ್ಲಿಂದ. ಏರಿದ್ದು ಇಳಿಯಲೇಬೇಕು ಎಂದು ಅವನು ಲೆಕ್ಕ ಹಾಕಿದ. ಈರುಳ್ಳಿ ಏರಿತು, ಇಳಿಯಿತು. ಮೆಣಸಿನಕಾಯಿ ಏರಿತು, ಇಳಿಯಿತು. ಐದಕ್ಕೆ ಮಾರಿ, ಸುಗ್ಗಿಯ ಹೊತ್ತಿಗೆ ಮೂರಕ್ಕೆ ಕೊಂಡರೆ ಕುದುರೆಯೂ ಮನೆಗೆ ಬಂತು, ಎರಡು ಗಾಡಿಯ ದುಡ್ಡೂ ಕೈಯಲ್ಲಿ ಉಳಿಯಿತು. ಈರುಳ್ಳಿ ವರ್ಷವರ್ಷವೂ ಬೆಳೆಯುತ್ತದೆ, ಸತ್ತ ಪಾಳೇಗಾರ ಎದ್ದು ಬಂದು ಮತ್ತೆ ರೂಪಾಯಿ ಹಾಕಿಸುವುದಿಲ್ಲ. ಇದೊಂದು ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ.

ಕೆಂಚಿಗೆ ಹೇಳಿದ. ಅವಳು ಗೂಡಿಗೆ ಸೌದೆ ಹೊರುತ್ತಿದ್ದಳು.

"ಅಂದ್ರೆ ನನ್ನ ಮಾರಿ, ಆಮೇಲೆ ನನ್ನೇ ಕೊಂಡ್ಕೊಳ್ತೀಯಾ ಬಾವ?"

"ನಿನ್ನಲ್ವೇ ಹುಚ್ಚಿ, ರೂಪಾಯಿನ."

"ಸರಿ ಬಿಡು. ಲಾಭ ಬಂದ್ರೆ ಹೋಳಿಗೆ ಹಾಕ್ಸು. ಬರದಿದ್ರೆ ಗೂಡಿನ ಬೂದಿ ಇದ್ದೇ ಇದೆ, ಹಣೆಗೆ ಬಳ್ಕೊಂಡು ಇಬ್ರೂ ಮಠ ಸೇರೋಣ."

ಅವಳು ನಕ್ಕಳು. ಓಬಳನಿಗೆ ಅದು ಒಪ್ಪಿಗೆಯಂತೆ ಕೇಳಿಸಿತು. ಗಾಳಿ ಬಂದಾಗ ತೂರಿಕೋ ಎಂದು ದೊಡ್ಡವರೇ ಹೇಳಿದ್ದಾರೆ. ಹೋಗಿ ಮಾರಿಬಿಟ್ಟ. ಆ ದುಡ್ಡನ್ನು ಮುಟ್ಟಲಿಲ್ಲ. ಮಡಕೆಯಲ್ಲಿ ಹಾಕಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಹಿಂದೆ ಹೂತಿಟ್ಟ. ಅವನನ್ನು ದುಂದುಗಾರ ಎಂದು ಯಾರೂ ಅನ್ನುವಂತಿರಲಿಲ್ಲ.

ಒಬ್ಬ ಮಾರಿದ್ದು ಹಟ್ಟಿಗೆಲ್ಲ ಗೊತ್ತಾಗಲು ಎಷ್ಟು ಹೊತ್ತು ಬೇಕು? ಪಕ್ಕದವನು ಮಾರಿದ. ಅವನ ಷಡ್ಡಕ ಮಾರಿದ. ಮಗಳ ಮದುವೆ ಆದಾಗ ಹೇಗೂ ಇನ್ನೊಂದು ಬರುತ್ತದಲ್ಲ, ಇದೊಂದು ಹೋದರೆ ಹೋಗಲಿ ಎಂದು ಮಾರಿದರು. ಎಲ್ಲರ ಮನೆಯಲ್ಲೂ ಒಬ್ಬ ಮಗಳಿದ್ದಳು, ಎಲ್ಲರೂ ಅದೇ ಮಾತು ಹೇಳಿಕೊಂಡರು. ಒಬ್ಬ ಮುದುಕಿ ಮಾತ್ರ, "ಎಲ್ಲಾರೂ ಮಾರಿದ್ರೆ ಬರೋದು ಎಲ್ಲಿಂದ್ರೋ?" ಎಂದಳು. ಅವಳಿಗೆ ಅರಳುಮರಳು ಎಂದರು. ಆ ವರ್ಷ ಹಟ್ಟಿಯಲ್ಲಿ ಹೊಸ ಹೆಂಚು ಬಂತು, ಹೊಸ ಕಂಬಳಿ ಬಂತು, ಬೀಡಿ ಸೇದುವವರು ಸಿಗರೇಟು ಸೇದಿದರು. ಕುದುರೆಗಳು ಪಟ್ಟಣ ಸೇರಿ ಗಾಜಿನೊಳಗೆ ನಿಂತವು.

ಸುಗ್ಗಿ ಬಂತು. ಮಾವ ಕರೆಸಿ, "ಅಳಿಯಾ, ಇನ್ನು ದಿನ ನೋಡೋಣ" ಎಂದ. ಓಬಳ ಮಡಕೆ ಅಗೆದು ದುಡ್ಡು ಕಟ್ಟಿಕೊಂಡು ಪೇಟೆಗೆ ಹೋದ.

"ಎಂಟು" ಎಂದ ಚಿನಿವಾರ.

"ನಾನು ಕೊಟ್ಟಾಗ ಐದು ಅಂದ್ರಿ."

"ಆಗ ಐದು. ಈಗ ನೀನು ಮಾರೋಕೆ ಬಂದ್ರೆ ಏಳು, ಕೊಳ್ಳೋಕೆ ಬಂದ್ರೆ ಎಂಟು."

"ಅದೇ ರೂಪಾಯಿ, ಅದೇ ಅಂಗಡಿ, ಅದೇ ಗಳಿಗೆ. ಬೆಲೆ ಎರಡು ಹೆಂಗೆ ಸ್ವಾಮಿ?"

"ನನ್ನ ಗಾದಿಗೆ ಒಂದು ಗಾಡಿ ಬೇಡವೇನಪ್ಪಾ? ಬೆಲೆ ನಾನು ಮಾಡೋದಲ್ಲ. ಅದು ತಾನೇ ಬರುತ್ತೆ, ತಾನೇ ಹೋಗುತ್ತೆ. ನಾನು ಬಾಗಿಲು ತೆಗೆದು ಕೂತಿರ್ತೀನಿ ಅಷ್ಟೆ."

ಓಬಳ ದುಡ್ಡನ್ನು ಮತ್ತೆ ಹೂತಿಟ್ಟ. ಇನ್ನೊಂದು ಸುಗ್ಗಿಗೆ ನೋಡೋಣ ಎಂದ. ಇನ್ನೊಂದು ಸುಗ್ಗಿಗೆ ಹತ್ತಾಗಿತ್ತು.

ಆಗ ಹಟ್ಟಿಯ ಹಿರಿಯರು ಸೇರಿದರು. ಮದುವೆಯಾಗದ ಗಂಡುಗಳು ಒಂದು ಕಡೆ ನಿಂತರು. ಅವರಲ್ಲೊಬ್ಬ, "ಕುದುರೆ ಬದಲಿಗೆ ಒಂದು ಅಚ್ಚು ಬೆಲ್ಲ ಅಂತ ಮಾಡ್ರಿ" ಎಂದ. "ನಿಮ್ಮಜ್ಜಿಗೆ ಕುದುರೆ ಬಂತು, ನಿಮ್ಮವ್ವಂಗೆ ಕುದುರೆ ಬಂತು. ನಿನ್ನ ಹೆಂಡ್ತಿಗೆ ಬೆಲ್ಲ ಬಂದ್ರೆ ಇರುವೆ ಮುತ್ತುತ್ತೆ ಕಣಲೇ" ಎಂದ ಯಜಮಾನ. ಎಲ್ಲರೂ ನಕ್ಕರು. ನಗುವಿನ ಕೆಳಗೆ ಬೇರೆ ಮಾತು ಇತ್ತು. ಹೆಣ್ಣು ಹೆತ್ತವರೆಲ್ಲ ಈಗ ಮಗಳನ್ನು ನೋಡಿದಾಗ ಹತ್ತು ಗಾಡಿ ಸುಣ್ಣ ನೋಡಿದಂತೆ ನೋಡುತ್ತಿದ್ದರು. ಬಡವನಿಗೂ ಸಾಹುಕಾರನಿಗೂ ಒಂದೇ ಇರಲಿ ಎಂದು ಮಾಡಿದ ಕಟ್ಟು ಅದು. ಈಗ ಅದನ್ನು ಮುರಿಯಲು ಯಾರಿಗೂ ಮನಸ್ಸು ಬರಲಿಲ್ಲ.

ಮಾವ ಒಬ್ಬನಿಗೆ ಆ ಆಸೆ ಇರಲಿಲ್ಲ. ಅವನಿಗೆ ಬೇರೆ ಕಷ್ಟ ಇತ್ತು. "ಅಳಿಯಾ, ನನಗೆ ಹತ್ತೂ ಬೇಡ, ಎಂಟೂ ಬೇಡ. ನೀನು ಕುದುರೆ ತಂದ್ರೆ ಅದನ್ನೇ ಕೊಟ್ಟು ನನ್ನ ಮಗನಿಗೆ ಹೆಣ್ಣು ತರ್ತೀನಿ. ನೀನು ತರದಿದ್ರೆ ನಿನ್ನ ಹೆಂಡ್ತಿ ನನ್ನ ಮನೇಲಿ ಕೂತಿರ್ತಾಳೆ, ನನ್ನ ಸೊಸೆ ಅವರಪ್ಪನ ಮನೇಲಿ ಕೂತಿರ್ತಾಳೆ" ಎಂದ.

ಹಾಗೇ ಕೂತರು. ಒಂದೊಂದು ಮನೆಯಲ್ಲಿ ಒಬ್ಬೊಬ್ಬಳು ಕೂತಳು. ಒಂದು ಮದುವೆ ನಿಂತರೆ ಅದರ ಹಿಂದೆ ಇನ್ನೊಂದು ನಿಂತಿತು, ಅದರ ಹಿಂದೆ ಮತ್ತೊಂದು. ಬಾಣಂತಿಯ ಹೊಗೆ ಹಟ್ಟಿಯಲ್ಲಿ ಏಳುವುದು ಅಪರೂಪವಾಯಿತು. ಓಲಗದವನು ಎರಡು ವರ್ಷ ಕಾದು ನೋಡಿದ. ಆಮೇಲೆ ಹೊಟ್ಟೆಪಾಡಿಗೆ ಹೆಣದ ಮುಂದೆ ತಮಟೆ ಬಾರಿಸಲು ಕಲಿತ. ಅದಕ್ಕೆ ಬೇಡಿಕೆ ತಪ್ಪಲಿಲ್ಲ.

ಓಬಳ ಸಂತೆ ತಪ್ಪಿಸಲಿಲ್ಲ. ಸುಣ್ಣ ಇದ್ದರೂ ಹೋಗುತ್ತಿದ್ದ, ಇಲ್ಲದಿದ್ದರೂ ಹೋಗುತ್ತಿದ್ದ. ಮಳೆಗಾಲದಲ್ಲಿ ಗೂಡು ಆರಿ ಹಟ್ಟಿಯವರೆಲ್ಲ ಮಲಗಿದ್ದರೆ ಅವನು ಕಂಬಳಿ ಕೊಪ್ಪೆ ಹಾಕಿಕೊಂಡು ನಡೆದು ಹೋಗಿ ಬೆಲೆ ಕೇಳಿಕೊಂಡು ಬರುತ್ತಿದ್ದ. ದಾರಿಯಲ್ಲಿ ಸಿಕ್ಕವರು, "ಏನೋ ಓಬಳ, ಕುದುರೆ ಎಲ್ಲಿಗೆ ಬಂತು?" ಎನ್ನುತ್ತಿದ್ದರು. "ಓಡ್ತಾ ಐತೆ" ಎನ್ನುತ್ತಿದ್ದ. ಅವನಿಗೂ ನಗು ಬರುತ್ತಿತ್ತು. ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಬರುತ್ತಿರಲಿಲ್ಲ.

ಒಂದು ಸಂತೆಯಲ್ಲಿ ಕುದುರೆ ನಿಂತಿತು. ದೂರದ ಊರಲ್ಲಿ ಯಾರೋ ಮನೆಗೆ ಪಾಯ ಅಗೆಯುವಾಗ ಒಂದು ಗಡಿಗೆ ಸಿಕ್ಕಿತಂತೆ, ಗಡಿಗೆಯ ತುಂಬ ಕುದುರೆ ರೂಪಾಯಿ ಇತ್ತಂತೆ. ಪಕ್ಕದ ಮನೆಯವನ ಹತ್ತಿರವೂ ಇದೆ ಎಂದ ಮೇಲೆ ಪಟ್ಟಣದ ಸಾಹುಕಾರರಿಗೆ ಸಂತೋಷ ಕಡಿಮೆಯಾಯಿತು. ಬೆಲೆ ಏಳಕ್ಕೆ ಇಳಿಯಿತು.

ಓಬಳನ ಮಡಕೆಯಲ್ಲಿ ಐದು ಗಾಡಿಯ ದುಡ್ಡು ಇತ್ತು. ದಿನದ ಸುಣ್ಣದ ದುಡ್ಡು ಸೌದೆಗೂ ಹೊಟ್ಟೆಗೂ ಸರಿಹೋಗುತ್ತಿತ್ತು, ಇನ್ನೂ ಎರಡು ಗಾಡಿಯದು ಬೇಕಿತ್ತು. ಕೆಂಚಿ ತನ್ನ ಕಿವಿಯ ಓಲೆಗಳನ್ನು ಬಿಚ್ಚಿ ಎಲೆಯಲ್ಲಿ ಸುತ್ತಿ ತಂದು ಅವನ ಮುಂದೆ ಇಟ್ಟಳು.

"ಇದನ್ನ ಮಾರಿ ಸೇರ್ಸ್ಕೊ. ಏಳಕ್ಕೇ ತಂದುಬಿಡು ಬಾವ."

"ಐದಕ್ಕೆ ಮಾರಿ ಏಳಕ್ಕೆ ಕೊಳ್ಳೋದಾ? ಜನ ಏನಂತಾರೆ?"

"ಜನ ಈಗೇನು ಸುಮ್ಮನಿದಾರಾ?"

"ಬೀಳ್ತಾ ಇದೆ ಕೆಂಚಿ. ಬೀಳೋದನ್ನ ನಡುವೆ ಹಿಡೀಬಾರದು. ತಾಳಿದವನು ಬಾಳಿಯಾನು. ಸ್ವಲ್ಪ ತಾಳು."

ಅವನ ಹತ್ತಿರ ಪ್ರತಿ ಬೆಲೆಗೂ ಒಂದು ಗಾದೆ ಇತ್ತು. ಕೆಂಚಿ ಓಲೆಗಳನ್ನು ಎತ್ತಿಕೊಂಡಳು. ಕಿವಿಗೆ ಹಾಕಿಕೊಳ್ಳಲಿಲ್ಲ, ಎಲೆಯಲ್ಲಿ ಮತ್ತೆ ಸುತ್ತಿಕೊಂಡು ಹೋದಳು.

ಆರಕ್ಕೆ ಬಂತು. ಏಳಕ್ಕೆ ಕೊಳ್ಳದೆ ಇದ್ದದ್ದು ಎಂಥ ಒಳ್ಳೆಯದಾಯಿತು ಎಂದುಕೊಂಡ ಓಬಳ. ಐದಕ್ಕೆ ಬಂತು. ಈಗ ಸರಿಗೆ ಸರಿ. ಮಡಕೆಯನ್ನು ಹಾಗೇ ಎತ್ತಿಕೊಂಡು ಹೋಗಿ ಸುರಿದರೆ ಕುದುರೆ ಬರುತ್ತಿತ್ತು. ಸಾಲ ಬೇಡ, ಓಲೆ ಬೇಡ. ಅವನು ಮಡಕೆ ಅಗೆದದ್ದೂ ನಿಜ, ಅಂಗಡಿಯ ಮೆಟ್ಟಿಲ ತನಕ ಹೋದದ್ದೂ ನಿಜ. ಮೆಟ್ಟಿಲ ಮೇಲೆ ನಿಂತಾಗ ಅವನಿಗೆ ಈ ವರ್ಷಗಳೆಲ್ಲ ಕಣ್ಣ ಮುಂದೆ ಬಂದವು. ಐದಕ್ಕೆ ಕೊಟ್ಟು ಐದಕ್ಕೇ ತಂದರೆ ಇಷ್ಟು ವರ್ಷ ಕಾದದ್ದು ಯಾತಕ್ಕೆ? ಆ ಮಳೆಯಲ್ಲಿ ನಡೆದದ್ದು ಯಾತಕ್ಕೆ? ಒಂದು ಗಾಡಿಯಾದರೂ ಉಳಿಯಬೇಡವೇ? ಉಳಿದರೆ ಕಾದದ್ದಕ್ಕೆ ಒಂದು ಅರ್ಥ ಬರುತ್ತದೆ. ಉಳಿಯದಿದ್ದರೆ ಅವನು ಬರೀ ಮೂರ್ಖ. ಹೀಗೆ ಎಣಿಸಿ ಮೆಟ್ಟಿಲಿಳಿದು ಬಂದ.

ಆ ತಿಂಗಳು ಮಾವನ ಮಗನಿಗೆ ಗೊತ್ತು ಮಾಡಿದ್ದ ಹುಡುಗಿಯನ್ನು ಅವಳ ಅಪ್ಪ ಬೇರೆ ಹಟ್ಟಿಗೆ ಕೊಟ್ಟುಬಿಟ್ಟ. ಆ ಕಡೆಯವರು ಬೆಲೆ ಕೇಳದೆ ಕುದುರೆ ಕೊಂಡು ತಂದಿದ್ದರಂತೆ. ಮಾವನ ಮಗ ಗೂಡಿನ ಕೆಲಸ ಬಿಟ್ಟು ಎತ್ತಲೋ ಹೊರಟುಹೋದ. ಮಾವ ಓಬಳನ ಮನೆಯ ಮುಂದೆ ಬಂದು ನಿಂತ. ಬೈಯಲಿಲ್ಲ. "ನೀನು ನಮ್ಮಕ್ಕನ ಮಗ ಆಗಿ ಹೋದ್ಯಲ್ಲೋ" ಎಂದು ಹೇಳಿ ಹೋದ. ಬೈದಿದ್ದರೆ ಓಬಳನಿಗೆ ಅನ್ನ ಇಳಿಯುತ್ತಿತ್ತು.

ನಾಲ್ಕಾಯಿತು. ಮೂರಾಯಿತು.

ಮೂರಾದ ದಿನ ಓಬಳ ಕೊಂಡ. ಅವನು ಮೊದಲ ದಿನ ಹಾಕಿದ್ದ ಲೆಕ್ಕ ಒಂದು ಕಾಸೂ ತಪ್ಪಲಿಲ್ಲ. ಐದಕ್ಕೆ ಮಾರಿದ, ಮೂರಕ್ಕೆ ಕೊಂಡ, ಎರಡು ಗಾಡಿಯ ದುಡ್ಡು ಗಂಟಿನಲ್ಲಿ ಉಳಿಯಿತು. ಚಿನಿವಾರ ಕೂಡ, "ಭೇಷ್! ಈ ಗಾದಿ ಮೇಲೆ ಕೂತ್ಕೋಬೇಕಾದೋನು ನೀನು" ಎಂದ. ಕೈಗೆ ಬಂದದ್ದು ತನ್ನದೇ ಕುದುರೆಯೋ, ಬೇರೆ ಯಾರ ಮನೆಯದೋ ಎಂದು ಓಬಳ ತಿರುಗಿಸಿ ತಿರುಗಿಸಿ ನೋಡಿದ. ಗುರುತು ಹತ್ತಲಿಲ್ಲ. ಒಂದು ಕುಪ್ಪಸದ ಕಣ ಕೊಂಡ, ಹೂವು ಕೊಂಡ, ಗಾಡಿಯನ್ನು ಓಡಿಸಿಕೊಂಡೇ ಬಂದ.

ಕೆಂಚಿ ಗೂಡಿನ ಮುಂದೆ ಸುಣ್ಣದ ಕಲ್ಲಿಗೆ ನೀರು ಹೊಯ್ಯುತ್ತಿದ್ದಳು. ಕಲ್ಲು ಬುಸುಗುಡುತ್ತಾ ಬಿರಿಯುತ್ತಿತ್ತು. 'ಸುಗ್ಗಿ ಮುಗಿದ ಮೇಲೆ ಮದುವೆ' ಎಂದಾಗ ಇದ್ದ ಕೆಂಚಿಯಲ್ಲ ಅವಳು. ಕೂದಲು ಸುಣ್ಣಕ್ಕೆ ಬೆಳ್ಳಗಾಗಿತ್ತೋ, ತಾನೇ ಬೆಳ್ಳಗಾಗಿತ್ತೋ ಹೇಳುವಂತಿರಲಿಲ್ಲ. ಓಬಳ ಅಂಗೈ ಚಾಚಿದ. ಅಂಗೈಯಲ್ಲಿ ಕುದುರೆ ಇತ್ತು.

"ತಂದ್ಯಾ?" ಎಂದಳು.

"ತಂದೆ."

"ಎಷ್ಟಕ್ಕೆ?"

ಓಬಳ ಸುಳ್ಳು ಹೇಳಬಹುದಿತ್ತು. ಆದರೆ ಅಷ್ಟು ವರ್ಷ ಕಾದು ಗೆದ್ದವನಿಗೆ ಗೆದ್ದದ್ದನ್ನು ಹೇಳದೆ ಇರಲು ಆಗುತ್ತದೆಯೇ?

"ಮೂರಕ್ಕೆ ಕಣೇ! ಮಾರಿದ್ದು ಐದಕ್ಕೆ, ತಂದದ್ದು ಮೂರಕ್ಕೆ. ಅವತ್ತೇ ಹೇಳಿರಲಿಲ್ವಾ?"

ಕೆಂಚಿ ಕೊಡವನ್ನು ಕೆಳಗಿಟ್ಟಳು. ನಾಣ್ಯವನ್ನು ಎತ್ತಿಕೊಂಡು ಒಂದು ಮಗ್ಗುಲು ನೋಡಿದಳು, ಇನ್ನೊಂದು ಮಗ್ಗುಲು ನೋಡಿದಳು. ಅವಳ ಬೆರಳುಗಳ ಚರ್ಮ ಸುಲಿದಿತ್ತು. ಅದನ್ನು ಮತ್ತೆ ಅವನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಇನ್ನೂ ಸ್ವಲ್ಪ ತಾಳು ಬಾವ. ಇನ್ನೂ ಇಳೀತೀನಿ" ಎಂದಳು.

ಕೊಡ ಎತ್ತಿಕೊಂಡು ನೀರು ಹೊಯ್ಯತೊಡಗಿದಳು. ಓಬಳ ಅಲ್ಲೇ ನಿಂತಿದ್ದ. ಇದು ಅವಳ ಎಂದಿನ ತಮಾಷೆ, ಈಗ ನಗುತ್ತಾಳೆ ಎಂದು ಕಾದ. ಅವಳು ಕಲ್ಲಿನಿಂದ ಕಲ್ಲಿಗೆ ಹೋದಳು, ತಿರುಗಿ ನೋಡಲಿಲ್ಲ.

ಕೆಂಚಿ ಮದುವೆಗೆ ಒಪ್ಪಲಿಲ್ಲ. ಮಾವ ಬೈದು ನೋಡಿದ, ಕೈಮುಗಿದೂ ನೋಡಿದ. ಹಿರಿಯರು ಕರೆಸಿ ಕೇಳಿದರು. ಅವಳು ಎದ್ದು ಗೂಡಿನ ಕೆಲಸಕ್ಕೆ ಹೋದಳು. ಮುಂದೆ ಓಬಳನ ಜೊತೆಯಲ್ಲಿ ಅವಳು ಮಾತಾಡಿದ್ದನ್ನು ಯಾರೂ ಕೇಳಲಿಲ್ಲ. ಓಬಳನ ಕೈಯಲ್ಲಿ ತೆರ ಇತ್ತು, ಅದನ್ನು ಕೊಡಲು ಲೋಕದಲ್ಲಿ ಮನೆ ಇರಲಿಲ್ಲ. ಗಂಟಿನಲ್ಲಿ ಉಳಿದಿದ್ದ ಎರಡು ಗಾಡಿಯ ದುಡ್ಡನ್ನು ಅವನು ಏನು ಮಾಡಬೇಕೋ ತಿಳಿಯದೆ ಗೂಡಿನ ಮುಂದೆ ಕೂತು ಎಣಿಸಿದ, ಕಟ್ಟಿದ, ಬಿಚ್ಚಿ ಮತ್ತೆ ಎಣಿಸಿದ. ಕೊನೆಗೆ ಅದು ಯಾವುದಕ್ಕೆ ಖರ್ಚಾಯಿತು ಎನ್ನುವುದು ಅವನಿಗೂ ನೆನಪಿರಲಿಲ್ಲ.

ಮುಂದಿನ ಸಂತೆಗೂ ಅವನು ಪೇಟೆಗೆ ಹೋದ. ಕಾಲು ತಾನಾಗಿಯೇ ಚಿನಿವಾರನ ಅಂಗಡಿಗೆ ಹೋಯಿತು. ಬೆಲೆ ಎರಡಾಗಿತ್ತು. ಅಯ್ಯೋ, ಮೂರಕ್ಕೆ ಕೊಂಡು ಕೆಟ್ಟೆನಲ್ಲ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೇಸಿಗೆಯಾದರೂ ಅದರ ಮುಂದಿನ ಸಂತೆಗೆ ಹೋದ.

ಒಂದಾಯಿತು. ಅರೆ ಗಾಡಿಯಾಯಿತು. ಈ ಬೆಲೆಗೆ ಹಟ್ಟಿಯ ಗಂಡುಗಳೆಲ್ಲ ಕುದುರೆ ಕೊಂಡು ತಂದರು. ತಲೆ ನರೆತ ಮೇಲೆ ಬಾಸಿಂಗ ಕಟ್ಟಿಕೊಂಡರು. ಓಲಗದವನನ್ನು ಕರೆದರೆ ಅವನಿಗೆ ಮದುವೆಯ ಮಟ್ಟು ಮರೆತುಹೋಗಿತ್ತು. ಮದುವೆಯ ಮನೆಯಲ್ಲಿ ಹೆಣದ ಮಟ್ಟು ಬಾರಿಸಿದ, ಯಾರೂ ಬೇಡ ಎನ್ನಲಿಲ್ಲ.

ಆಮೇಲೆ ಬೆಲೆ ಮತ್ತೆ ಎದ್ದಿತು. ಗಡಿಗೆಯಲ್ಲಿ ಸಿಕ್ಕವೆಲ್ಲ ನಿಂತ ಕುದುರೆಗಳು, ಹಟ್ಟಿಯಿಂದ ಬಂದವು ಮುಂಗಾಲು ಎತ್ತಿದ ಕುದುರೆಗಳು ಎಂದು ಪಟ್ಟಣದ ಯಾರೋ ಕಂಡುಹಿಡಿದರಂತೆ. ಮುಂಗಾಲು ಎತ್ತಿದ್ದಕ್ಕೆ ಹದಿನೈದು ಗಾಡಿ ಎಂದರು. ಇಪ್ಪತ್ತು ಎಂದರು. ಅಷ್ಟು ಹೊತ್ತಿಗೆ ಹಳೆಯ ಚಿನಿವಾರ ಸತ್ತು ಅವನ ಮಗ ಗಾದಿಯ ಮೇಲೆ ಕೂತಿದ್ದ. ಓಬಳ ಬಂದು ಅಂಗಡಿಯ ಮುಂದೆ ನಿಲ್ಲುತ್ತಿದ್ದ. ಸೊಂಟದ ಚೀಲ ಬಿಚ್ಚಿ ಕುದುರೆ ತೋರಿಸುತ್ತಿದ್ದ. ಅದು ಮುಂಗಾಲು ಎತ್ತಿದ ಕುದುರೆಯೇ.

"ಮಾರ್ತೀಯಾ ತಾತ?" ಎಂದರೆ, "ನೋಡಾನ" ಎನ್ನುತ್ತಿದ್ದ.

"ಮತ್ತೆ ಇನ್ನೊಂದು ಕೊಳ್ತೀಯಾ?" ಎಂದರೆ ಅದಕ್ಕೂ "ನೋಡಾನ" ಎನ್ನುತ್ತಿದ್ದ.

ಬೆಲೆ ಕೇಳಿಕೊಂಡು ಮನೆಗೆ ಹೋಗುತ್ತಿದ್ದ. ಗಾಡಿ ಮಾರಿದ ಮೇಲೆ ನಡೆದುಕೊಂಡು ಬರುತ್ತಿದ್ದ. ಕಣ್ಣು ಮಂಜಾದ ಮೇಲೆ ಕೋಲು ಊರಿಕೊಂಡು ಬರುತ್ತಿದ್ದ. ಮೂವತ್ತು ಎಂದ ದಿನ ಅವನ ಮುಖದಲ್ಲಿ ಸಂತೋಷವೂ ಕಾಣಲಿಲ್ಲ, ದುಃಖವೂ ಕಾಣಲಿಲ್ಲ. "ಹೌದಾ" ಎಂದ.

ಒಂದು ಸಂತೆಗೆ ಅವನು ಬರಲಿಲ್ಲ. ಚಿನಿವಾರನ ಮಗ, ಆ ಕುದುರೆಯವನು ಎಲ್ಲಿ ಎಂದು ಅವಸರದಿಂದ ಹಟ್ಟಿಗೆ ಹೊರಟ. ಅವನು ಹೋಗುವಷ್ಟರಲ್ಲಿ ಓಬಳನನ್ನು ಮಣ್ಣು ಮಾಡಿ ಬಂದಿದ್ದರು. ಚಿನಿವಾರನ ಮಗ ಜಗುಲಿಯ ಮೇಲೆ ಕೂತು ಲೋಕಾರೂಢಿಗೆ ಎರಡು ಮಾತಾಡಿ, ಮೆಲ್ಲಗೆ ಸೊಂಟದ ಚೀಲದ ವಿಷಯ ತೆಗೆದ. ಹಟ್ಟಿಯವರು ಚೀಲ ತಂದು ಅವನ ಮುಂದೆಯೇ ಬಿಚ್ಚಿದರು. ಸುಣ್ಣದ ಡಬ್ಬಿ ಇತ್ತು. ಒಣಗಿದ ಒಂದು ಎಲೆ ಇತ್ತು. ಕುದುರೆ ಇರಲಿಲ್ಲ. ಒಲೆಯ ಹಿಂದೆ ಅಗೆದು ನೋಡಿದರು. ಅಲ್ಲಿಯೂ ಇರಲಿಲ್ಲ.

ಗುರು ಅಲ್ಲಿಗೆ ಮಾತು ನಿಲ್ಲಿಸಿದರು.

ಪಂಚಾಕ್ಷರಿ ಸರಿದು ಹತ್ತಿರ ಕೂತ. "ಹಾಗಾದರೆ ಆ ರೂಪಾಯಿ ಏನಾಯಿತು ಅಜ್ಜಯ್ಯಾ? ಯಾರು ಎತ್ತಿಕೊಂಡರು? ಈಗ ಮಾರಿದರೆ ಎಷ್ಟು ಬಂದೀತು?" ಎಂದು ಕೇಳಿದ.

"ಕೆಂಚಿ ಏನಾದಳು ಎಂದು ನೀನು ಕೇಳಲಿಲ್ಲ" ಎಂದರು ಗುರು.